ಸ್ವಯಂನಿಯಂತ್ರಿತ ಸಿಂಪರಣಾ ಯಂತ್ರ: ಅಳತೆ ಹೊಂದಿಸಿ ನಡೆಸುವ ಕ್ರಮ

ಬೆನ್ನಿಗೆ ಕಟ್ಟಿಕೊಳ್ಳುವ ಪಂಪಿನಿಂದ ಔಷಧಿ ಹೊಡೆಯುವವರು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು. ಬೆಳಗಿನ ಹೊತ್ತು ಹೆಜ್ಜೆ ಬೀಸಾಗಿ ಬೀಳುತ್ತದೆ. ಬಿಸಿಲು ಏರಿದಂತೆ ನಡಿಗೆ ನಿಧಾನವಾಗುತ್ತದೆ. ಹೀಗಾಗಿ ಒಂದೇ ಹೊಲದಲ್ಲಿ ಬೆಳಿಗ್ಗೆ ಸಿಂಪಡಿಸಿದ ಭಾಗಕ್ಕೆ ದ್ರಾವಣ ಕಡಿಮೆ, ಮಧ್ಯಾಹ್ನ ಸಿಂಪಡಿಸಿದ ಭಾಗಕ್ಕೆ ಹೆಚ್ಚು ಬೀಳುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿದ ಬೂಮ್ ಸ್ಪ್ರೇಯರಿನಲ್ಲಿಯೂ ಈ ತೊಂದರೆ ತಪ್ಪಿದ್ದಲ್ಲ. ಏರಿನಲ್ಲಿ ಗಾಡಿ ತಡೆಯುತ್ತದೆ, ಇಳಿಜಾರಿನಲ್ಲಿ ಓಡುತ್ತದೆ, ಗೇರು ಬದಲಾದರೆ ಎಲ್ಲ ಲೆಕ್ಕವೂ ಬದಲಾಗುತ್ತದೆ.

ಈ ತೊಂದರೆಯನ್ನು ನಿವಾರಿಸುವ ಸಲುವಾಗಿಯೇ ಸ್ವಯಂನಿಯಂತ್ರಿತ ಸಿಂಪರಣಾ ಯಂತ್ರಗಳು ಬಂದಿವೆ. ಗಾಡಿಯ ವೇಗ ಹೆಚ್ಚಿದರೆ ಯಂತ್ರವೇ ದ್ರಾವಣವನ್ನು ಹೆಚ್ಚಿಸುತ್ತದೆ, ವೇಗ ತಗ್ಗಿದರೆ ಕಡಿಮೆ ಮಾಡುತ್ತದೆ. ಆದರೆ ಯಂತ್ರ ತಾನೇ ನೋಡಿಕೊಳ್ಳುತ್ತದೆಂದು ಚಾಲಕರು ಅಳತೆ ಹೊಂದಿಸುವ ಕೆಲಸವನ್ನೇ ಬಿಟ್ಟುಬಿಡುವುದುಂಟು. ಯಂತ್ರಕ್ಕೆ ಹೊಲವೂ ಕಾಣದು, ಬೆಳೆಯೂ ಕಾಣದು. ನಾವು ತುಂಬಿದ ಅಂಕಿಗಳನ್ನು ನಂಬಿ ಅದು ಗುಣಾಕಾರ ಭಾಗಾಕಾರ ಮಾಡುತ್ತದೆ, ಅಷ್ಟೆ. ಅಂಕಿ ತಪ್ಪಾಗಿದ್ದರೆ ಪರದೆಯ ಮೇಲೆ ‘300’ ಎಂದು ಸರಿಯಾಗಿಯೇ ತೋರಿಸುತ್ತಾ ಹೊಲಕ್ಕೆ ಬೇರೆಯದೇ ಪ್ರಮಾಣವನ್ನು ಸುರಿಯುತ್ತದೆ. ಬಿತ್ತನೆಯಾದ ಮೇಲೆ, ಬೆಳೆ ಮೊಳೆಯುವ ಮುನ್ನ, ಕಳೆನಾಶಕ ಹೊಡೆಯಲು ಸಿಗುವುದು ಎರಡು ಮೂರು ದಿನ ಮಾತ್ರ. ಆಗ ಪ್ರಮಾಣ ಕಡಿಮೆ ಬಿದ್ದರೆ ಕಳೆ ಉಳಿಯುತ್ತದೆ, ಹೆಚ್ಚು ಬಿದ್ದರೆ ಮೊಳಕೆ ಸುಡುತ್ತದೆ. ಎರಡನ್ನೂ ಆ ಹಂಗಾಮಿನಲ್ಲಿ ಮತ್ತೆ ಸರಿಪಡಿಸಲಾಗದು.

ಯಂತ್ರ ಕೆಲಸ ಮಾಡುವ ಬಗೆ

ಈ ವ್ಯವಸ್ಥೆಯಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ. ಗಾಲಿಯ ಬಳಿ ಅಥವಾ ಜಿ.ಪಿ.ಎಸ್. ರೂಪದಲ್ಲಿ ವೇಗದ ಸೆನ್ಸರ್ ಇರುತ್ತದೆ. ಬೂಮಿಗೆ ಹೋಗುವ ಕೊಳವೆಯಲ್ಲಿ ಫ್ಲೋ ಮೀಟರ್ ಇರುತ್ತದೆ. ಅದರೊಳಗಿನ ಸಣ್ಣ ಚಕ್ರವು ದ್ರಾವಣ ಹರಿದಂತೆ ತಿರುಗಿ, ಪ್ರತಿ ಲೀಟರಿಗೆ ಇಂತಿಷ್ಟು ಪಲ್ಸ್ ಎಂದು ಸುದ್ದಿ ಕಳುಹಿಸುತ್ತದೆ. ಮೋಟಾರಿನಿಂದ ತೆರೆದು ಮುಚ್ಚುವ ವಾಲ್ವು ಮೂರನೆಯದು. ಚಾಲಕನ ಮುಂದಿರುವ ಕಂಟ್ರೋಲರ್ ಪೆಟ್ಟಿಗೆ ನಾಲ್ಕನೆಯದು. ಪೆಟ್ಟಿಗೆಯು ವೇಗ ಮತ್ತು ಬೂಮಿನ ಅಗಲವನ್ನು ಗುಣಿಸಿ, ನಿಮಿಷಕ್ಕೆ ಎಷ್ಟು ಜಾಗ ಮುಗಿಯುತ್ತಿದೆ ಎಂದು ತಿಳಿಯುತ್ತದೆ. ಅಷ್ಟು ಜಾಗಕ್ಕೆ ಬೇಕಾದ ಲೀಟರ್ ಹರಿಯುವವರೆಗೆ ವಾಲ್ವನ್ನು ಹೊಂದಿಸುತ್ತದೆ.

ಇದು ಅಳೆಯುವುದು ದ್ರಾವಣವನ್ನೇ ಹೊರತು ಔಷಧಿಯನ್ನಲ್ಲ. ಟ್ಯಾಂಕಿನಲ್ಲಿ ಔಷಧಿ ಎಷ್ಟು ಬೆರೆತಿದೆ ಎಂಬುದು ಬೆರೆಸಿದವರಿಗೆ ಮಾತ್ರ ಗೊತ್ತು.

ಎಕರೆಯೋ ಹೆಕ್ಟೇರೋ

ಪೆಟ್ಟಿಗೆಯನ್ನು ತೆರೆದೊಡನೆ ನೋಡಬೇಕಾದದ್ದು ಯಾವ ಅಳತೆಯಲ್ಲಿ ಕೇಳುತ್ತಿದೆ ಎಂಬುದನ್ನು. ನಮ್ಮ ರೈತರ ಲೆಕ್ಕವೆಲ್ಲ ಎಕರೆ ಗುಂಟೆಯಲ್ಲಿ. ಹೆಚ್ಚಿನ ಯಂತ್ರಗಳ ಲೆಕ್ಕ ಹೆಕ್ಟೇರಿನಲ್ಲಿ. ಒಂದು ಹೆಕ್ಟೇರ್ ಎಂದರೆ 2.47 ಎಕರೆ. ಎಕರೆಗೆ 120 ಲೀಟರ್ ದ್ರಾವಣ ಬೇಕಾಗಿದ್ದರೆ ಹೆಕ್ಟೇರಿಗೆ ಸುಮಾರು 300 ಲೀಟರ್ ಎಂದು ತುಂಬಬೇಕು. ಮರೆತು 120 ಎಂದೇ ತುಂಬಿದರೆ ಎಕರೆಗೆ ಸುಮಾರು 48 ಲೀಟರ್ ಮಾತ್ರ ಲೆಕ್ಕಕ್ಕೆ ಬಂದು, ಬೆಳೆಗೆ ಸಿಗುವ ಔಷಧಿ ಶೇಕಡಾ 40ಕ್ಕೆ ಇಳಿಯುತ್ತದೆ. ಬಾಡಿಗೆ ಯಂತ್ರ ತಂದಾಗಲಂತೂ ಇದನ್ನು ತಪ್ಪದೆ ನೋಡಬೇಕು. ಹಿಂದಿನವರು ಏನನ್ನು ಬದಲಿಸಿ ಬಿಟ್ಟಿದ್ದಾರೆಂದು ಹೇಳಲಾಗದು.

ನಂತರದ್ದು ಬೂಮಿನ ಅಗಲ. ತುದಿಯ ನಾಝಲ್‌ನಿಂದ ತುದಿಯ ನಾಝಲ್‌ಗೆ ಟೇಪು ಹಿಡಿದು ಅಳೆದರೆ ತಪ್ಪಾಗುತ್ತದೆ. ನಾಝಲ್‌ಗಳ ಸಂಖ್ಯೆಯನ್ನು ಅವುಗಳ ನಡುವಿನ ಅಂತರದಿಂದ ಗುಣಿಸಬೇಕು. 50 ಸೆಂ.ಮೀ. ಅಂತರದಲ್ಲಿ 24 ನಾಝಲ್ ಇದ್ದರೆ ಅಗಲ 12 ಮೀಟರ್. ಟೇಪಿಗೆ ಸಿಗುವುದು 11.5 ಮೀಟರ್ ಮಾತ್ರ. ತುದಿಯ ನಾಝಲ್‌ಗಳು ತಮ್ಮಿಂದ ಹೊರಗೆ ತಲಾ 25 ಸೆಂ.ಮೀ. ಜಾಗವನ್ನು ತೋಯಿಸುತ್ತವೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಬೂಮನ್ನು ಮೂರು ಭಾಗಗಳಾಗಿ ತೆರೆಯುವ ಮುಚ್ಚುವ ಏರ್ಪಾಡು ಇದ್ದರೆ, ಪ್ರತಿ ಭಾಗದ ಅಗಲವನ್ನೂ ಇದೇ ರೀತಿ ಬೇರೆ ಬೇರೆ ತುಂಬಬೇಕು.

ನಾಝಲ್ ಆಯ್ಕೆ ಮತ್ತು ವೇಗದ ಮಿತಿ

ಇಲ್ಲಿ ಒಂದು ಸಣ್ಣ ಲೆಕ್ಕ ಕಲಿಯುವುದು ಅವಶ್ಯ. ಹೆಕ್ಟೇರಿಗೆ ಬೇಕಾದ ಲೀಟರನ್ನು ಗಂಟೆಗೆ ಓಡುವ ಕಿಲೋಮೀಟರಿನಿಂದಲೂ, ನಾಝಲ್ ಅಂತರದ ಮೀಟರಿನಿಂದಲೂ ಗುಣಿಸಿ 600ರಿಂದ ಭಾಗಿಸಿದರೆ, ಒಂದು ನಾಝಲ್ ನಿಮಿಷಕ್ಕೆ ಬಿಡಬೇಕಾದ ಲೀಟರ್ ಸಿಗುತ್ತದೆ. 300 ಲೀಟರ್, 6 ಕಿ.ಮೀ., ಅರ್ಧ ಮೀಟರ್ ಎಂದಾದರೆ ಉತ್ತರ ಒಂದೂವರೆ ಲೀಟರ್.

ನಾಝಲ್‌ಗಳಿಗೆ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಬಣ್ಣಗಳಿವೆ. 3 ಬಾರ್ ಒತ್ತಡದಲ್ಲಿ ಹಳದಿ ನಾಝಲ್ ನಿಮಿಷಕ್ಕೆ ಸುಮಾರು 0.8 ಲೀಟರ್, ನೀಲಿ 1.2, ಕೆಂಪು 1.6 ಲೀಟರ್ ಬಿಡುತ್ತದೆ. (1 ಬಾರ್ ಎಂದರೆ ಹೆಚ್ಚು ಕಡಿಮೆ ಚದರ ಸೆಂ.ಮೀ.ಗೆ 1 ಕಿಲೋ ಒತ್ತಡ.) ನಮ್ಮ ಉದಾಹರಣೆಗೆ ಕೆಂಪು ನಾಝಲ್ ಹೊಂದುತ್ತದೆ. ಅದರಿಂದ ಒಂದೂವರೆ ಲೀಟರ್ ಬರಲು 2.6 ಬಾರ್ ಸಾಕು.

ಯಂತ್ರವು ದ್ರಾವಣವನ್ನು ಹೆಚ್ಚಿಸುವುದು ಒತ್ತಡವನ್ನು ಹೆಚ್ಚಿಸುವುದರ ಮೂಲಕವೇ, ಮತ್ತು ಇಲ್ಲಿ ಪ್ರಕೃತಿಯ ನಿಯಮ ಬಲು ಬಿಗಿ. ದ್ರಾವಣ ಎರಡು ಪಟ್ಟಾಗಲು ಒತ್ತಡ ನಾಲ್ಕು ಪಟ್ಟಾಗಬೇಕು. 6 ಕಿ.ಮೀ. ವೇಗದಲ್ಲಿ 2.6 ಬಾರ್ ಇದ್ದದ್ದು, 8 ಕಿ.ಮೀ.ಗೆ ಏರಿದರೆ 4.7 ಬಾರ್ ಆಗುತ್ತದೆ, 12 ಕಿ.ಮೀ.ಗೆ 10 ಬಾರ್ ದಾಟುತ್ತದೆ. ಒತ್ತಡ ಏರಿದಂತೆ ಹನಿ ಮಂಜಿನಂತಾಗಿ ಗಾಳಿಗೆ ಹಾರಿ ಪಕ್ಕದ ಹೊಲ ಸೇರುತ್ತದೆ. 2,4-ಡಿ ಕಳೆನಾಶಕದ ಇಂತಹ ಹನಿಗಳು ತಗುಲಿದರೆ ಹತ್ತಿ ಮತ್ತು ದ್ರಾಕ್ಷಿಯ ಎಲೆಗಳು ಮುರುಟಿಕೊಳ್ಳುತ್ತವೆ. ನೆರೆಯವರೊಡನೆ ಜಗಳವೂ ಆಗುತ್ತದೆ. ಇತ್ತ ವೇಗ 4 ಕಿ.ಮೀ.ಗೆ ಇಳಿದರೆ ಒತ್ತಡ 1.2 ಬಾರಿಗೆ ಕುಸಿದು, ಬೀಸಣಿಗೆಯಂತೆ ಹರಡಬೇಕಾದ ಸಿಂಪರಣೆ ಮುದುಡಿಕೊಳ್ಳುತ್ತದೆ. ನಾಝಲ್ ನಾಝಲ್ ನಡುವೆ ಒಣ ಪಟ್ಟಿಗಳು ಉಳಿಯುತ್ತವೆ.

ಆದ್ದರಿಂದ ಒತ್ತಡದ ಕೆಳಮಿತಿಯನ್ನು 1.5 ಬಾರ್, ಮೇಲ್ಮಿತಿಯನ್ನು 4 ಬಾರ್ ಎಂದು ಪೆಟ್ಟಿಗೆಯಲ್ಲಿ ತುಂಬಿದರೆ ಈ ನಾಝಲ್‌ಗೆ ಸರಿಹೋಗುತ್ತದೆ. ಅದರ ಅರ್ಥ ಚಾಲಕನು ಗಂಟೆಗೆ ಸುಮಾರು ನಾಲ್ಕೂವರೆಯಿಂದ ಏಳು ಕಿ.ಮೀ. ಒಳಗೆ ಓಡಿಸಬೇಕೆಂದು. ‘ಎಷ್ಟು ಜೋರಾಗಿ ಓಡಿಸಿದರೂ ಯಂತ್ರ ಸರಿಮಾಡಿಕೊಳ್ಳುತ್ತದೆ’ ಎಂಬ ಮಾತನ್ನು ಮಾರುವವರು ಹೇಳಬಹುದು. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.

ವೇಗದ ಅಳತೆ

ಈ ಅಳತೆಯನ್ನು ಡಾಂಬರು ರಸ್ತೆಯಲ್ಲಿ ಮಾಡಬಾರದು. ಸಿಂಪಡಿಸಬೇಕಾದ ಹೊಲದಲ್ಲಿಯೇ, ಟ್ಯಾಂಕಿಗೆ ಅರ್ಧದಷ್ಟು ನೀರು ತುಂಬಿ, ಟೇಪಿನಿಂದ 100 ಮೀಟರ್ ಅಳೆದು ಎರಡು ಗೂಟ ನೆಡಬೇಕು. ಪೆಟ್ಟಿಗೆಯನ್ನು ವೇಗದ ಅಳತೆಯ ಸ್ಥಿತಿಗೆ ತಂದು ಗೂಟದಿಂದ ಗೂಟಕ್ಕೆ ಓಡಿಸಿ, ಎಷ್ಟು ಪಲ್ಸ್ ಬಂದವೆಂದು ನೋಡಬೇಕು. 208 ಪಲ್ಸ್ ಬಂದರೆ ಒಂದು ಪಲ್ಸಿಗೆ 48 ಸೆಂ.ಮೀ. ಎಂದಾಯಿತು. ಯಂತ್ರದ ಪುಸ್ತಕದಲ್ಲಿ 50 ಸೆಂ.ಮೀ. ಎಂದಿರಬಹುದು. ಅದನ್ನೇ ಬಿಟ್ಟರೆ ಯಂತ್ರವು 100 ಮೀಟರನ್ನು 104 ಎಂದು ಎಣಿಸಿ, ಶೇಕಡಾ 4ರಷ್ಟು ಹೆಚ್ಚು ಸುರಿಯುತ್ತದೆ. ಎರಡು ಮೂರು ಸಲ ಓಡಿಸಿ ಸರಾಸರಿ ತೆಗೆಯುವುದು ಉತ್ತಮ.

ಸೆನ್ಸರನ್ನು ಎಳೆಯುವ ಗಾಲಿಗೆ ಕಟ್ಟದೆ ಸುಮ್ಮನೆ ಉರುಳುವ ಗಾಲಿಗೆ ಕಟ್ಟಬೇಕು. ಕಪ್ಪು ಭೂಮಿಯಲ್ಲಿ ಸ್ವಲ್ಪ ಹಸಿ ಇದ್ದರೂ ಹಿಂದಿನ ಗಾಲಿ ಜಾರುತ್ತದೆ. ಗಾಡಿ ನೂರು ಮೀಟರ್ ಸಾಗುವಷ್ಟರಲ್ಲಿ ಗಾಲಿ ನೂರಹತ್ತು ಮೀಟರಿನಷ್ಟು ಸುತ್ತಿದರೆ, ಔಷಧಿಯೂ ಶೇಕಡಾ 10ರಷ್ಟು ಹೆಚ್ಚು ಬಿದ್ದಂತೆಯೇ. ಜಿ.ಪಿ.ಎಸ್. ಸೆನ್ಸರಿಗೆ ಜಾರುವ ಭಯವಿಲ್ಲ. ಆದರೆ ನಿಂತ ಗಾಡಿ ಹೊರಡುವಾಗ ಅದು ಸ್ವಲ್ಪ ತಡವಾಗಿ ಎಚ್ಚರಗೊಳ್ಳುತ್ತದೆ.

ದ್ರಾವಣದ ಅಳತೆ

ಟ್ಯಾಂಕನ್ನು ತೊಳೆದು ಬರೀ ನೀರು ತುಂಬಿ ಈ ಕೆಲಸ ಮಾಡಬೇಕು. ಹಿಂದಿನ ಔಷಧಿಯ ಅಂಶ ಕೊಳವೆಗಳಲ್ಲಿ ಉಳಿದಿರುವುದರಿಂದ ಕೈಗವಸು ಹಾಕಿಯೇ ಮಾಡತಕ್ಕದ್ದು. ಪಿ.ಟಿ.ಓ.ವನ್ನು ಕೆಲಸದ ವೇಗದಲ್ಲಿಯೇ ಓಡಿಸಿ, ಕಂಟ್ರೋಲರನ್ನು ಕೈ ನಿಯಂತ್ರಣಕ್ಕೆ ತಂದು, ಒತ್ತಡ ನಿಲ್ಲಿಸಿ, ಪ್ರತಿ ನಾಝಲ್ ಕೆಳಗೆ ಒಂದು ನಿಮಿಷ ಅಳತೆಯ ಜಾಡಿ ಹಿಡಿಯಬೇಕು. 24 ನಾಝಲ್‌ಗೂ ಹಿಡಿಯುವುದು ಬೇಸರದ ಕೆಲಸವೇ ಸರಿ. ಆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮತ್ತು ಸವೆದ ನಾಝಲ್‌ಗಳು ಸಿಕ್ಕಿಬೀಳುವುದೂ ಇಲ್ಲಿಯೇ. ಹೊಸ ನಾಝಲ್‌ಗಿಂತ ಶೇಕಡಾ 10ಕ್ಕೂ ಹೆಚ್ಚು ಬಿಡುವುದನ್ನು ತೆಗೆದುಹಾಕಿ.

ಸವೆದವನ್ನು ಬದಲಿಸಿದ ಮೇಲೆ ಒಟ್ಟು ಮೊತ್ತವನ್ನು ಪರದೆಯ ಅಂಕಿಯೊಡನೆ ಹೋಲಿಸಿ. ಪರದೆಯಲ್ಲಿ ನಿಮಿಷಕ್ಕೆ 36 ಲೀಟರ್ ಎಂದಿದ್ದು, ಜಾಡಿಯ ಲೆಕ್ಕದಲ್ಲಿ 39.6 ಬಂದಿದೆ ಎನ್ನೋಣ. ಪೆಟ್ಟಿಗೆಯಲ್ಲಿ ಲೀಟರಿಗೆ 600 ಪಲ್ಸ್ ಎಂದಿದ್ದರೆ, 600ನ್ನು 36ರಿಂದ ಗುಣಿಸಿ 39.6ರಿಂದ ಭಾಗಿಸಬೇಕು. ಬರುವ 545 ಎಂಬುದೇ ಹೊಸ ಅಂಕಿ. ಅದನ್ನು ತುಂಬಿ ಮತ್ತೊಮ್ಮೆ ಪರೀಕ್ಷಿಸಿ.

ಕೊನೆಗೆ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ಟ್ಯಾಂಕನ್ನು ಗುರುತಿನವರೆಗೆ ತುಂಬಿ, ಸ್ವಯಂ ನಿಯಂತ್ರಣದಲ್ಲಿ ಅದೇ 100 ಮೀಟರ್ ಸಿಂಪಡಿಸಿ, ಮರಳಿ ಗುರುತಿಗೆ ತರಲು ಎಷ್ಟು ಲೀಟರ್ ನೀರು ಹಿಡಿಯಿತೆಂದು ಅಳೆಯಿರಿ. 12 ಮೀಟರ್ ಬೂಮಿಗೆ ಅದು ಸುಮಾರು 12 ಗುಂಟೆ ಜಾಗ. ಹೆಕ್ಟೇರಿಗೆ 300 ಲೀಟರ್ ಲೆಕ್ಕದಲ್ಲಿ 36 ಲೀಟರ್ ಹಿಡಿಯಬೇಕು. ಟ್ಯಾಂಕನ್ನು ಗುರುತಿಗೆ ತುಂಬುವಾಗಲೂ ಮತ್ತೆ ತುಂಬುವಾಗಲೂ ಗಾಡಿ ಒಂದೇ ಸಮತಟ್ಟು ಜಾಗದಲ್ಲಿ ನಿಂತಿರಬೇಕು.

ಒತ್ತಡ ಮಾಪಕ ಎಂಬ ಸಾಕ್ಷಿ

ಕಂಟ್ರೋಲರ್ ಬಂದ ಮೇಲೆ ಹಳೆಯ ಒತ್ತಡ ಮಾಪಕ ಏಕೆಂದು ಕೆಲವರು ಅದನ್ನು ಕೆಟ್ಟರೂ ಬದಲಿಸುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಡೀ ಯಂತ್ರದಲ್ಲಿ ನಾವು ಹೇಳಿದ ಅಂಕಿಯನ್ನು ನಂಬದೆ ಸ್ವಂತವಾಗಿ ಸಾಕ್ಷಿ ಹೇಳುವ ಭಾಗ ಅದೊಂದೇ. 6 ಕಿ.ಮೀ. ವೇಗದಲ್ಲಿ 2.6 ಬಾರ್ ಇರಬೇಕೆಂದು ಮೊದಲೇ ಲೆಕ್ಕ ಹಾಕಿ ಬರೆದಿಟ್ಟುಕೊಂಡಿದ್ದರೆ, ಮಾಪಕದ ಮುಳ್ಳು ಏನು ಹೇಳುತ್ತಿದೆ ಎಂಬುದು ತಿಳಿಯುತ್ತದೆ.

ಪರದೆಯಲ್ಲಿ 300 ಇದ್ದು ಮುಳ್ಳು 4ರ ಬಳಿ ಇದ್ದರೆ ಕೆಲವು ನಾಝಲ್ ಅಥವಾ ಅವುಗಳ ಜಾಲರಿ ಕಟ್ಟಿರಬಹುದು. ಉಳಿದವು ಅವುಗಳ ಪಾಲನ್ನೂ ಸುರಿಯುತ್ತಿರುತ್ತವೆ. ಎಲ್ಲ ನಾಝಲ್‌ಗಳೂ ಚೊಕ್ಕವಾಗಿದ್ದರೆ ಫ್ಲೋ ಮೀಟರಿನ ಚಕ್ರದ ಮೇಲೆ ಸಂಶಯಪಡಬೇಕು. ನೀರಿನಲ್ಲಿ ಕರಗದೆ ತೇಲುವ ಪುಡಿ ಔಷಧಿಗಳನ್ನು ಬಳಸಿದ ಮೇಲೆ ಚಕ್ರಕ್ಕೆ ಕೆಸರು ಕಟ್ಟಿ ಅದು ಮಂದವಾಗಿ ತಿರುಗುತ್ತದೆ. ದ್ರಾವಣ ಕಡಿಮೆ ಹೋಗುತ್ತಿದೆಯೆಂದು ಯಂತ್ರ ಭಾವಿಸಿ ವಾಲ್ವನ್ನು ಇನ್ನಷ್ಟು ತೆರೆಯುತ್ತದೆ. ಚಕ್ರ ಪೂರ್ತಿ ನಿಂತರಂತೂ ವಾಲ್ವು ಪೂರ್ತಿ ತೆರೆದುಕೊಳ್ಳುತ್ತದೆ. ಮುಳ್ಳು ಎರಡಕ್ಕಿಂತ ಕೆಳಗಿದ್ದರೆ ನಾಝಲ್ ಸವೆದಿರಬಹುದು, ಅಥವಾ ಮೇಲೆ ಹೇಳಿದ ಎಕರೆ ಹೆಕ್ಟೇರಿನ ತಪ್ಪು ಆಗಿರಬಹುದು. ನಾಝಲ್ ಸವೆತವನ್ನು ಕಂಟ್ರೋಲರ್ ಮುಚ್ಚಿಡುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ಒಟ್ಟು ಲೀಟರ್ ಸರಿಯಾಗಿಯೇ ಇರುತ್ತದೆ, ಹಂಚಿಕೆ ಮಾತ್ರ ಕೆಡುತ್ತದೆ.

ಹೊಲದ ನಡುವೆ ಸೆನ್ಸರ್ ಕೆಟ್ಟರೆ ಕೈ ನಿಯಂತ್ರಣಕ್ಕೆ ಬದಲಿಸಿ, ಲೆಕ್ಕದ ಒತ್ತಡ ನಿಲ್ಲಿಸಿ, ಅದೇ ಗೇರಿನಲ್ಲಿ ಅದೇ ವೇಗದಲ್ಲಿ ಕೆಲಸ ಮುಗಿಸಬಹುದು. ಬೆರೆಸಿದ ದ್ರಾವಣವನ್ನು ಹಾಗೆಯೇ ರಾತ್ರಿ ಬಿಡುವುದಕ್ಕಿಂತ ಇದು ಮೇಲು.

ವಾಲ್ವಿನ ಚುರುಕು

ವಾಲ್ವು ಎಷ್ಟು ಬೇಗ ತಿರುಗಬೇಕೆಂಬ ಅಂಕಿಯೂ ಪೆಟ್ಟಿಗೆಯಲ್ಲಿರುತ್ತದೆ. ಹೆಚ್ಚು ಚುರುಕು ಕೊಟ್ಟರೆ ಅದು ಗುರಿ ದಾಟಿ ಹೋಗಿ, ಮತ್ತೆ ಹಿಂದೆ ಬಂದು, ತೊಟ್ಟಿಲಿನಂತೆ ತೂಗುತ್ತದೆ. ಮಾಪಕದ ಮುಳ್ಳು ಕುಣಿಯುವುದರಿಂದ ಇದು ಗೊತ್ತಾಗುತ್ತದೆ. ತೀರ ಮಂದವಾದರೆ ವೇಗ ಬದಲಾದ ಮೇಲೆ ಎಷ್ಟೋ ಮೀಟರ್ ತಪ್ಪು ಪ್ರಮಾಣದಲ್ಲಿಯೇ ಸಾಗುತ್ತದೆ. ಮಧ್ಯದ ಅಂಕಿಯಿಂದ ಆರಂಭಿಸಿ, ಮುಳ್ಳು ಕುಣಿಯದಷ್ಟು ಏರಿಸಿದರೆ ಸಾಕು.

ಸಿಂಪರಣೆಯ ದಿನ

600 ಲೀಟರಿನ ಟ್ಯಾಂಕು ನಮ್ಮ ಉದಾಹರಣೆಯಲ್ಲಿ ಎರಡು ಹೆಕ್ಟೇರಿಗೆ, ಎಂದರೆ ಐದು ಎಕರೆಗೆ ಸ್ವಲ್ಪ ಕಡಿಮೆ, ಬರುತ್ತದೆ. ಔಷಧಿಯನ್ನೂ ಅಷ್ಟಕ್ಕೇ ಅಳೆದು ಬೆರೆಸಬೇಕು. ಪ್ರತಿ ಟ್ಯಾಂಕು ಮುಗಿದಾಗ ಗಾಡಿ ಎಲ್ಲಿ ನಿಂತಿತೆಂದು ನೋಡಿ. ಬದುಗಳ ನಡುವಿನ ವಿಸ್ತೀರ್ಣ ರೈತನಿಗೆ ಬಾಯಿಪಾಠ ಇರುವುದರಿಂದ ಇದಕ್ಕಿಂತ ಒಳ್ಳೆಯ ತಪಾಸಣೆ ಇಲ್ಲ. ಬೂಮಿನ ಎತ್ತರ 110 ಡಿಗ್ರಿ ನಾಝಲ್‌ಗೆ ಬೆಳೆಯ ತುದಿಯಿಂದ, ಬರಿ ನೆಲವಾದರೆ ನೆಲದಿಂದ, 50 ಸೆಂ.ಮೀ. ಇರಲಿ. ಸಾಮಾನ್ಯ ಕಂಟ್ರೋಲರಿಗೆ ಎಲ್ಲಿ ಈಗಾಗಲೇ ಸಿಂಪಡಿಸಿದ್ದೇವೆಂದು ತಿಳಿಯದು. ಸಾಲು ತಪ್ಪದಂತೆ ಹೊಲದ ಎರಡೂ ಕೊನೆಯಲ್ಲಿ ಬಾವುಟ ನೆಡಬೇಕು. ತಿರುವಿನಲ್ಲಿ ಬೂಮನ್ನು ಮುಚ್ಚಬೇಕು.

ಕಟ್ಟಿದ ನಾಝಲನ್ನು ಬಾಯಿಯಿಂದ ಊದುವುದು ಪ್ರಾಣಾಪಾಯದ ಅಭ್ಯಾಸ; ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಇದಕ್ಕಾಗಿಯೇ ಇಟ್ಟುಕೊಳ್ಳಿ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷವೇರಿ ಇಪ್ಪತ್ತರಷ್ಟು ಜನ ತೀರಿಕೊಂಡರು. ಟ್ರ್ಯಾಕ್ಟರಿನ ಮೇಲೆ ಕುಳಿತವರಿಗೂ ಕೈಗವಸು, ಮುಖವಸ್ತ್ರ, ತುಂಬು ತೋಳಿನ ಬಟ್ಟೆ ಬೇಕೇ ಬೇಕು.

ಕೆಲಸ ಮುಗಿದ ಸಂಜೆಯೇ ಟ್ಯಾಂಕು, ಬೂಮು ಮತ್ತು ಕೊಳವೆಗಳಲ್ಲಿ ಮೂರು ಸಲ ಶುದ್ಧ ನೀರು ಹರಿಸಿ, ಆ ನೀರನ್ನು ಸಿಂಪಡಿಸಿದ ಹೊಲದಲ್ಲಿಯೇ ಬಿಡಿ. ಹಳ್ಳ ಬಾವಿಗಳ ಬಳಿ ಬಿಡಬಾರದು. ಹಂಗಾಮು ಮುಗಿದ ಮೇಲೆ ಫ್ಲೋ ಮೀಟರನ್ನು ಬಿಚ್ಚಿ, ಚಕ್ರವನ್ನು ನೀರಿನಲ್ಲಿ ತೊಳೆದು, ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡಿ ಒಣಗಿಸಿಡಿ. ತಂತಿಗಳ ತುದಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಕಟ್ಟಿ ಇಲಿಗಳಿಗೆ ಎಟುಕದಂತೆ ತೂಗುಹಾಕಿ. ಬೂಮಿನ ಅಗಲ, ಪಲ್ಸ್ ಅಂಕಿಗಳು, ನಾಝಲ್ ಬಣ್ಣ ಮತ್ತು ಲೆಕ್ಕದ ಒತ್ತಡ ಇಷ್ಟನ್ನೂ ಒಂದು ತಗಡಿನ ಮೇಲೆ ಬಣ್ಣದಿಂದ ಬರೆದು ಟ್ಯಾಂಕಿನ ಪಕ್ಕಕ್ಕೆ ಬಿಗಿಯಿರಿ. ಟೈರು ಅಥವಾ ನಾಝಲ್ ಬದಲಾದ ದಿನ ಆ ಬರಹವನ್ನು ಅಳಿಸಿ, ಹೊಸದಾಗಿ ಅಳೆದು ಬರೆಯಬೇಕು.