ಜೂರಾಲಾದ ಮೀನು ಮತ್ತು ಮುಳ್ಳಿನೊಳಗಿನ ಖನಿಜ

ತೆಲಂಗಾಣದ ಗದ್ವಾಲದ ಬಳಿ ಕೃಷ್ಣಾ ನದಿಗೆ ಕಟ್ಟಿದ ಜೂರಾಲಾ ಜಲಾಶಯದಲ್ಲಿ, ಮಖ್ತಲ್, ಧನ್ವಾಡ, ನಾರಾಯಣಪೇಟೆ ಸೀಮೆಯ ಕೆರೆಗಳಲ್ಲಿ ದೊರೆಯುವ ಮೀನುಗಳ ಪೈಕಿ ಕೊರಮೀನಿಗೆ ಬೆಲೆ ಹೆಚ್ಚು, ಕಾಟ್ಲಾ, ರೋಹು, ಮೃಗಾಲ್‌ಗಳಿಗೆ ಬಳಕೆ ಹೆಚ್ಚು. ಬೆರಳುದ್ದದ ಪರಿಗೆ ಮೀನಿಗೆ ಅಂಥ ಮರ್ಯಾದೆಯಿಲ್ಲ. ಆದರೆ ಖನಿಜಗಳ ಲೆಕ್ಕಕ್ಕೆ ಕುಳಿತರೆ ಈ ಶ್ರೇಣಿ ಬಹುಮಟ್ಟಿಗೆ ತಲೆಕೆಳಗಾಗುತ್ತದೆ.

ಕಬ್ಬಿಣ, ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ, ಅಯೋಡಿನ್‌ಗಳು ದೇಹಕ್ಕೆ ದಿನಕ್ಕೆ ಕೆಲವೇ ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಪ್ರಮಾಣದಲ್ಲಿ ಬೇಕಾಗುವುದರಿಂದ ಅವುಗಳಿಗೆ ಸೂಕ್ಷ್ಮ ಖನಿಜಗಳೆಂದು ಹೆಸರು. ಭಾರತದ 35 ಬಗೆಯ ಮೀನುಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಿಹಿನೀರಿನ ಚಿಕ್ಕ ದೇಶಿ ಮೀನುಗಳು ಸುಣ್ಣಾಂಶ, ಕಬ್ಬಿಣ ಮತ್ತು ಮ್ಯಾಂಗನೀಸ್‌ಗಳಲ್ಲಿ, ತಣ್ಣೀರಿನ ಮೀನುಗಳು ಸೆಲೆನಿಯಂನಲ್ಲಿ ಮುಂದಿದ್ದವು.

ಈ ವ್ಯತ್ಯಾಸಕ್ಕೆ ಮೀನಿನ ಜಾತಿ, ನೀರು, ಆಹಾರಗಳೆಲ್ಲ ಕಾರಣವೇ. ಮೀನು ಖನಿಜವನ್ನು ತಿನ್ನುವ ಆಹಾರದಿಂದಷ್ಟೇ ಅಲ್ಲದೆ ಕಿವಿರುಗಳ ಮೂಲಕ ನೀರಿನಿಂದಲೂ ಹೀರಿಕೊಳ್ಳುತ್ತದೆ. ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳನ್ನು ಮೇಯುವ ಕಾಟ್ಲಾಕ್ಕೂ ತಳದ ಕೆಸರನ್ನು ಕೆದಕುವ ಮೃಗಾಲ್‌ಗೂ ದೊರೆಯುವುದು ಒಂದೇ ಮೇವಲ್ಲ. ಆದರೂ ಉಣ್ಣುವವರ ಮಟ್ಟಿಗೆ ನಿರ್ಣಾಯಕವಾಗುವುದು ಮೀನಿನ ಯಾವ ಭಾಗ ಬಾಯಿಗೆ ಹೋಗುತ್ತದೆಂಬುದೇ. ಸುಣ್ಣಾಂಶವೆಲ್ಲ ಹೆಚ್ಚುಕಡಿಮೆ ಮೂಳೆಯಲ್ಲಿ, ಸತುವಿನ ಗಣನೀಯ ಪಾಲು ಮೂಳೆ ಮತ್ತು ಚರ್ಮದಲ್ಲಿ, ಕಬ್ಬಿಣ ರಕ್ತ ತುಂಬಿದ ಯಕೃತ್ತು, ಮೂತ್ರಪಿಂಡ ಹಾಗೂ ಕಪ್ಪು ಮಾಂಸದಲ್ಲಿ ನೆಲೆಸಿರುವುದರಿಂದ, ಮುಳ್ಳು ಬಿಡಿಸಿದ ರೋಹುವಿನ ಬಿಳಿ ತುಂಡು ಒಳ್ಳೆಯ ಪ್ರೋಟೀನಾದರೂ ಖನಿಜದಲ್ಲಿ ಬಡವಾಗಿಯೇ ಉಳಿಯುತ್ತದೆ. ತಲೆ, ಮುಳ್ಳುಸಮೇತ ಬೇಯುವ ಪರಿಗೆ ಹಾಗಲ್ಲ.

ಜೋಳದ ರೊಟ್ಟಿಯ ಈ ಸೀಮೆಗೆ ಇದು ಕ್ಷುಲ್ಲಕ ಸಂಗತಿಯಲ್ಲ. ಜೋಳದಲ್ಲಿರುವ ಫೈಟೇಟ್ ಎಂಬ ಪದಾರ್ಥವು ಕಬ್ಬಿಣ, ಸತುಗಳನ್ನು ಬಂಧಿಸಿ ಕರುಳು ಅವನ್ನು ಹೀರದಂತೆ ತಡೆಯುತ್ತದೆ. ಜೊತೆಗೆ ಮೀನಿದ್ದರೆ ಅದರ ಮಾಂಸವು ರೊಟ್ಟಿಯ ಕಬ್ಬಿಣವೂ ಹೆಚ್ಚಾಗಿ ಒದಗುವಂತೆ ಮಾಡುತ್ತದೆ. ಕಬ್ಬಿಣದ ಕೊರತೆ ರಕ್ತಹೀನತೆಗೆ ದಾರಿಯಾಗುವುದರಿಂದ ಇದಕ್ಕೆ ಮಹತ್ವವಿದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿತ್ತು.

ಅಯೋಡಿನ್ ಮಾತ್ರ ಬೇರೆಯೇ ಕತೆ: ಅದು ಕಡಲಿನ ಸಂಪತ್ತಾದ್ದರಿಂದ ಕರಾವಳಿಯ ಬೂತಾಯಿ, ಬಂಗುಡೆಗಳು ಕೊಡುವಷ್ಟನ್ನು ಕೃಷ್ಣೆಯ ಮೀನು ಕೊಡಲಾರದು, ಆ ಕೊರತೆಯನ್ನು ಅಯೋಡಿನ್ ಬೆರೆಸಿದ ಉಪ್ಪೇ ತುಂಬಬೇಕು. ಇನ್ನು ಪಾದರಸ ಬೇಟೆಗಾರ ಮೀನುಗಳಲ್ಲಿ ವಯಸ್ಸಿನೊಂದಿಗೆ ಸಂಚಯವಾಗುವುದರಿಂದ, ಎಳೆಯ, ಚಿಕ್ಕ ಮೀನಿಗೆ ಅಲ್ಲಿಯೂ ಅನುಕೂಲವೇ. ಇಷ್ಟಾದರೂ ತೆಲಂಗಾಣ ಸರ್ಕಾರ 2016–17ರಿಂದ ಕೆರೆಗಳಿಗೆ ಉಚಿತವಾಗಿ ಬಿಡುತ್ತ ಬಂದ ಮರಿಗಳು ಮುಖ್ಯವಾಗಿ ಕಾಟ್ಲಾ, ರೋಹು, ಮೃಗಾಲ್‌ಗಳವು. ತೂಕದಲ್ಲಿ ಅಳೆಯುವ ಯೋಜನೆಗಳಲ್ಲಿ ಪರಿಗೆಗೆ ಸ್ಥಾನ ಸಿಗುವುದು ಕಷ್ಟ.