ಕೂಡಿಸಿದರೂ ಗೆಲ್ಲದ ಸೀಟು

ಬೈ ಎಲೆಕ್ಷನ್ ಬಂತು ಅಂದ್ರೆ ಸಾಕು, ನಾವು ಟಿವಿಯವರು ಹಳೇ ಅಂಕಿಗಳನ್ನು ತೆಗೆದು ಕೂಡಿಸೋಕೆ ಕೂತುಬಿಡ್ತೀವಿ. ಇವರ ಓಟಿಗೆ ಅವರ ಓಟು ಸೇರಿಸಿ, ಆಯ್ತು, ಗೆದ್ದರು! ಓದಿದ್ದು ಇಂಜಿನಿಯರಿಂಗ್ ನೋಡಿ, ಈ ಲೆಕ್ಕ ನನಗೂ ಇಷ್ಟ. ಆದರೆ ಇಂಗ್ಲೆಂಡಿನ ಸಾಮರ್‌ಸೆಟ್‌ನ ಬ್ರಿಡ್ಜ್‌ವಾಟರ್ ಅನ್ನೋ ಊರು 1938ರಲ್ಲಿ ಈ ಲೆಕ್ಕಕ್ಕೆ ನೀರು ಕುಡಿಸಿತ್ತು.

ಆ ಸೆಪ್ಟೆಂಬರ್ ಕೊನೆಗೆ ಪ್ರಧಾನಿ ಚೇಂಬರ್ಲಿನ್ ಮ್ಯೂನಿಕ್‌ನಲ್ಲಿ ಹಿಟ್ಲರ್ ಜೊತೆ ಒಪ್ಪಂದ ಮಾಡಿಕೊಂಡು ಬಂದಿದ್ದರು. ಜೆಕೊಸ್ಲೊವಾಕಿಯಾದ ಸುಡೆಟನ್ ಪ್ರದೇಶ ಜರ್ಮನಿ ಪಾಲಾಯ್ತು. ಯುದ್ಧ ತಪ್ಪಿತು ಅಂತ ಲಂಡನ್‌ನಲ್ಲಿ ಜೈಕಾರ. ಅದೇ ಹೊತ್ತಿಗೆ ಬ್ರಿಡ್ಜ್‌ವಾಟರ್‌ನ ಕನ್ಸರ್ವೇಟಿವ್ ಸಂಸದರು ನ್ಯಾಯಾಧೀಶರಾದರು. ಸೀಟು ಖಾಲಿ.

ಸೀಟು ಎಂಥದ್ದು ಅಂತೀರಾ? 1935ರಲ್ಲಿ ಕನ್ಸರ್ವೇಟಿವ್‌ಗೆ 17,939 ಓಟು, ಲಿಬರಲ್‌ಗೆ 7,370, ಲೇಬರ್‌ಗೆ 6,240. ವಿರೋಧಿಗಳಿಬ್ಬರನ್ನು ಕೂಡಿಸಿದರೂ 13,610! ಕಾಗದದ ಮೇಲೆ ಆಟ ಮುಗಿದಿತ್ತು.

ಆದರೂ ಲೇಬರ್, ಲಿಬರಲ್ ಎರಡೂ ಅಭ್ಯರ್ಥಿ ಹಾಕದೆ ಹಿಂದೆ ಸರಿದವು. ಕಣಕ್ಕಿಳಿದದ್ದು ಪಕ್ಷೇತರ ವರ್ನನ್ ಬಾರ್ಟ್ಲೆಟ್. ನಮ್ಮ ಕಸುಬಿನವರೇ ಕಣ್ರೀ! ಬಿಬಿಸಿ ರೇಡಿಯೋದಲ್ಲಿ ವಿದೇಶಾಂಗ ವಿಷಯ ಮಾತಾಡ್ತಿದ್ದವರು. 1933ರಲ್ಲಿ ಹಿಟ್ಲರ್ ರಾಷ್ಟ್ರಸಂಘದಿಂದ ಹೊರನಡೆದಾಗ ಇವರು ಜರ್ಮನಿಯ ಕಡೆಯ ವಾದವನ್ನೂ ಸಹಾನುಭೂತಿಯಿಂದ ವಿವರಿಸಿ ಗದ್ದಲಕ್ಕೆ ಸಿಕ್ಕಿಕೊಂಡರು, ಬಿಬಿಸಿ ಬಿಟ್ಟರು. ಅದೇ ಮನುಷ್ಯ ಐದು ವರ್ಷದ ಮೇಲೆ ಹಿಟ್ಲರ್‌ಗೆ ಮಣಿದದ್ದು ತಪ್ಪು ಅಂತ ಓಟು ಕೇಳಿದರು. ಜನರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಮ್ಯೂನಿಕ್ ಸರಿಯೋ, ತಪ್ಪೋ?

ನವೆಂಬರ್ 17ಕ್ಕೆ ಮತದಾನ. ಬಾರ್ಟ್ಲೆಟ್‌ಗೆ 19,540, ಕನ್ಸರ್ವೇಟಿವ್ ಹೀತ್‌ಕೋಟ್ ಏಮರಿಗೆ 17,208.

ಈಗ ಗಮನಿಸಿ. ಸೋತವರು ಕಳೆದುಕೊಂಡದ್ದು ಬರೀ 731 ಓಟು! ಮತ್ತೆ ಗೆದ್ದದ್ದು ಹೇಗೆ? ಒಟ್ಟು ಮತದಾನವೇ ಐದು ಸಾವಿರದಷ್ಟು ಏರಿತ್ತು. ಯಾರ ಓಟು ಯಾರಿಗೆ ಬಿತ್ತು ಅಂತ ಪೆಟ್ಟಿಗೆ ಬಾಯಿಬಿಡಲ್ಲ, ನಿಜ. ಆದರೆ ಹಳೇ ಓಟುಗಳನ್ನಷ್ಟೇ ಕೂಡಿಸಿದ್ದರೆ ಈ ಗೆಲುವು ಸಿಗುತ್ತಲೇ ಇರಲಿಲ್ಲ. ಮೈತ್ರಿಯೊಂದೇ ಮಂತ್ರ ಅನ್ನೋಣವೇ? ಮೂರು ವಾರ ಮೊದಲು ಆಕ್ಸ್‌ಫರ್ಡ್‌ನಲ್ಲೂ ಇದೇ ಸೂತ್ರ, ಇದೇ ಮ್ಯೂನಿಕ್ ಪ್ರಶ್ನೆ. ಅಲ್ಲಿ ಗೆದ್ದದ್ದು ಕನ್ಸರ್ವೇಟಿವ್ ಕ್ವಿಂಟಿನ್ ಹಾಗ್, ಅಂತರ ಮಾತ್ರ ಕುಸಿದಿತ್ತು.

ಬ್ರಿಡ್ಜ್‌ವಾಟರ್ ಫಲಿತಾಂಶದಿಂದ ಸರ್ಕಾರ ಬೀಳಲಿಲ್ಲ. ನಾಲ್ಕೇ ತಿಂಗಳು, 1939ರ ಮಾರ್ಚ್ 15ಕ್ಕೆ ಹಿಟ್ಲರ್ ಸೈನ್ಯ ಪ್ರಾಗ್‌ಗೆ ನುಗ್ಗಿತು. ಬಾರ್ಟ್ಲೆಟ್ ಆಗ ಸಂಸತ್ತಿನಲ್ಲೇ ಇದ್ದರು, 1950ರವರೆಗೂ ಇದ್ದರು.