ಗ್ರಾಫಿಕ್ ವಿನ್ಯಾಸ: ಕಲಿತದ್ದೆಷ್ಟು ಎಂದು ಅಳೆಯುವುದು ಹೇಗೆ?

ಬೆಂಗಳೂರು: ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಗ್ರಾಫಿಕ್ ವಿನ್ಯಾಸದ ವಿದ್ಯಾರ್ಥಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ರಾತ್ರಿಯೆಲ್ಲ ಕುಳಿತು ರೂಪಿಸಿದ ಪೋಸ್ಟರಿನ ದೋಷ ಅದನ್ನು ರೂಪಿಸಿದವರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಪದವಿ ಮುಗಿಯುವ ಹೊತ್ತಿಗೆ, ಉದ್ಯೋಗದ ಸಂದರ್ಶನಕ್ಕೆ ಹೊರಡುವ ಮುನ್ನ, ತನ್ನ ಕೆಲಸಗಳನ್ನು ತಾನೇ ತೂಗಿ ನೋಡುವ ಸಂದರ್ಭ ಪ್ರತಿಯೊಬ್ಬ ವಿದ್ಯಾರ್ಥಿಗೂ ಬರುತ್ತದೆ. ಆಗ ತೂಗುವ ತಕ್ಕಡಿ ಯಾವುದು ಎಂಬುದೇ ಪ್ರಶ್ನೆ.

ನಾಲ್ಕು ವರ್ಷಗಳ ದೃಶ್ಯಕಲಾ ಪದವಿಯಲ್ಲಿ ಅನ್ವಯಿಕ ಕಲೆಯನ್ನು ಅಭ್ಯಸಿಸುತ್ತಿರುವ ನಗರದ ವಿದ್ಯಾರ್ಥಿನಿಯೊಬ್ಬರು ಇತ್ತೀಚೆಗೆ ಇದೇ ಪ್ರಶ್ನೆಯನ್ನು ಎದುರಿಸಿದರು. ಮೊದಲ ವರ್ಷದಿಂದ ಕೂಡಿಟ್ಟ ನಲವತ್ತಕ್ಕೂ ಹೆಚ್ಚು ಕೆಲಸಗಳನ್ನು ಹಾಸ್ಟೆಲ್ ಕೋಣೆಯ ನೆಲದ ಮೇಲೆ ಹರಡಿ, ಪೋರ್ಟ್‌ಫೋಲಿಯೊಗೆ ಹನ್ನೆರಡನ್ನು ಆರಿಸಲು ಕುಳಿತರು. ಹೆಚ್ಚು ಶ್ರಮಪಟ್ಟ ಕೆಲಸಗಳೇ ಮೊದಲು ಕೈಗೆ ಬಂದವು. ಅನಂತರ ಅವರು ಅಳತೆಯನ್ನು ಬದಲಾಯಿಸಿದರು. ಈ ಅಕ್ಷರ ಇಷ್ಟು ದೊಡ್ಡದೇಕೆ, ಈ ಬಣ್ಣವೇಕೆ, ಈ ಚಿತ್ರ ಎಡಕ್ಕೇಕೆ ಎಂದು ಕೇಳಿದರೆ ತಾನು ಉತ್ತರಿಸಬಲ್ಲ ಕೆಲಸಗಳನ್ನು ಮಾತ್ರ ಉಳಿಸಿಕೊಂಡರು. ಉಳಿದದ್ದು ಏಳು. ಅವುಗಳಲ್ಲಿ ಕನ್ನಡದ್ದು ಒಂದೇ ಒಂದು.

ತಂತ್ರಾಂಶ ಬಂದರೆ ವಿನ್ಯಾಸ ಬಂದಂತೆಯೇ?

ವಿದ್ಯಾರ್ಥಿಗಳ ಸ್ವವಿವರಗಳಲ್ಲಿ ಒಂದು ಪರಿಪಾಠವಿದೆ. ಫೋಟೊಶಾಪ್ ಶೇ. 90, ಇಲ್ಲಸ್ಟ್ರೇಟರ್ ಶೇ. 80 ಎಂದು ಬಣ್ಣದ ಪಟ್ಟಿಗಳಲ್ಲಿ ಕೌಶಲವನ್ನು ಸೂಚಿಸುವುದು ಅದು. ನೋಡಲು ಅಂದವಾದರೂ ಇದರಿಂದ ಏನೂ ತಿಳಿಯುವುದಿಲ್ಲ. ಯಾವುದರ ನೂರಕ್ಕೆ ತೊಂಬತ್ತು ಎಂಬುದಕ್ಕೆ ಉತ್ತರವಿಲ್ಲ.

ಮೇಲಾಗಿ ತಂತ್ರಾಂಶದ ಆಯುಸ್ಸು ಅಲ್ಪ. 1985ರಲ್ಲಿ ಬಂದ ಪೇಜ್‌ಮೇಕರ್ ಡಿ.ಟಿ.ಪಿ. ಯುಗವನ್ನೇ ಆರಂಭಿಸಿತು. 1999ರಲ್ಲಿ ಇನ್‌ಡಿಸೈನ್ ಬಂದ ಬಳಿಕ ಅದು ಹಿಂದೆ ಸರಿಯಿತು. ಒಂದು ಕಾಲದಲ್ಲಿ ಅಂತರ್ಜಾಲ ವಿನ್ಯಾಸಕರ ಅನ್ನವೇ ಆಗಿದ್ದ ಫ್ಲ್ಯಾಶ್‌ಗೆ ಅಡೋಬ್ ಸಂಸ್ಥೆಯು 2020ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿತು. ಬರಿಯ ಗುಂಡಿಗಳ ಜಾಗವನ್ನು ಕಂಠಪಾಠ ಮಾಡಿದವರು ಮೊದಲಿನಿಂದ ಆರಂಭಿಸಬೇಕಾಯಿತು. ಅಂತರ, ಅನುಪಾತ, ಓದುವ ಕ್ರಮ ಇವುಗಳನ್ನು ಅರಿತವರು ಹೊಸ ಉಪಕರಣಕ್ಕೆ ಬೇಗ ಹೊಂದಿಕೊಂಡರು.

2022ರಿಂದೀಚೆಗೆ ಮಾತಿನಲ್ಲಿ ವಿವರಿಸಿದರೆ ಚಿತ್ರ ರಚಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಜನಸಾಮಾನ್ಯರ ಕೈಗೆ ಬಂದಿವೆ. ಇದರಿಂದ ಈ ವ್ಯತ್ಯಾಸ ಇನ್ನಷ್ಟು ಎದ್ದು ಕಾಣುತ್ತಿದೆ. ಹೊಳೆಯುವ ಚಿತ್ರವೊಂದನ್ನು ಯಾರು ಬೇಕಾದರೂ ಪಡೆಯಬಹುದು. ಅದು ಈ ಓದುಗರಿಗೆ, ಈ ಕೆಲಸಕ್ಕೆ ತಕ್ಕದ್ದೇ ಎಂದು ತೀರ್ಮಾನಿಸುವ ಹೊಣೆ ವಿನ್ಯಾಸಕರದ್ದಾಗಿಯೇ ಉಳಿದಿದೆ.

ಕನ್ನಡವೇ ಒರೆಗಲ್ಲು

ಮೇಲೆ ಹೇಳಿದ ವಿದ್ಯಾರ್ಥಿನಿಯ ತಂದೆ ತಾಲ್ಲೂಕು ಕೇಂದ್ರವೊಂದರಲ್ಲಿ ಡಿ.ಟಿ.ಪಿ. ಅಂಗಡಿ ನಡೆಸುತ್ತಾರೆ. ಲಗ್ನಪತ್ರಿಕೆ, ಕರಪತ್ರಗಳೇ ಅವರ ಜೀವನ. ರಜೆಯಲ್ಲಿ ಮಗಳು ತೋರಿಸಿದ ಏಕೈಕ ಕನ್ನಡ ಪೋಸ್ಟರನ್ನು ಅವರು ತೋಳಿನಷ್ಟು ದೂರದಲ್ಲಿ ಹಿಡಿದು ಓದಿದರು. 'ವಿದ್ಯಾರ್ಥಿ ಧನಸಹಾಯ' ಎಂಬುದು ಅವರಿಗೆ 'ವಿದ್ಯಾರ್ಥಿ ದನಸಹಾಯ' ಎಂದು ಕಂಡಿತು.

ಕಾರಣ ಸರಳ. 'ದ' ಮತ್ತು 'ಧ' ಅಕ್ಷರಗಳಿಗಿರುವ ವ್ಯತ್ಯಾಸವೆಂದರೆ ಕೆಳಗಿನ ಒಂದು ಸಣ್ಣ ಸೀಳು. 'ಥ'ಕ್ಕೆ ಒಳಗೊಂದು ಚುಕ್ಕೆ ಇರುತ್ತದೆ. ಶೀರ್ಷಿಕೆ ದಪ್ಪಗೆ ಕಾಣಲೆಂದು ಅಕ್ಷರದ ಸುತ್ತ ಗೆರೆ ಸೇರಿಸಿದ್ದರಿಂದ ಆ ಸೀಳು ಮುಚ್ಚಿಹೋಗಿತ್ತು. ಕಾಲೇಜಿನ ಮೌಲ್ಯಮಾಪನದಲ್ಲಿ ಅದೇ ಪೋಸ್ಟರಿಗೆ ಒಳ್ಳೆಯ ಅಂಕ ಬಂದಿತ್ತು. ಬಣ್ಣ, ಚಿತ್ರ, ಸಮತೋಲನ ಎಲ್ಲವೂ ಸರಿಯಿದ್ದವು. ಓದುವ ಕೆಲಸ ಮಾತ್ರ ಕೆಟ್ಟಿತ್ತು.

ವಿನ್ಯಾಸದ ಪಠ್ಯಗಳು ಹೆಚ್ಚಾಗಿ ರೋಮನ್ ಲಿಪಿಯನ್ನು ಆಧರಿಸಿವೆ. ಅಲ್ಲಿನ ನಿಯಮಗಳು ಕನ್ನಡಕ್ಕೆ ನೇರವಾಗಿ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತುಕೊಡಲು ದೊಡ್ಡಕ್ಷರಗಳನ್ನು ಬಳಸಬಹುದು. ಕನ್ನಡದಲ್ಲಿ ಆ ಭೇದವೇ ಇಲ್ಲ. ಪುಟವಿನ್ಯಾಸ ತಂತ್ರಾಂಶಗಳು ಸಾಮಾನ್ಯವಾಗಿ ಅಕ್ಷರದ ಗಾತ್ರದ ಶೇ. 120ರಷ್ಟನ್ನು ಸಾಲಿನ ಅಂತರವಾಗಿ ತಾವೇ ಇಡುತ್ತವೆ. 'ಸ್ತ್ರೀ', 'ರಾಷ್ಟ್ರ', 'ಸ್ವಾತಂತ್ರ್ಯ'ದಂತಹ ಪದಗಳಲ್ಲಿ ಒಂದಕ್ಕಿಂತ ಹೆಚ್ಚು ಒತ್ತುಗಳು ಬರುತ್ತವೆ. ಆಗ ಆ ಅಂತರ ಸಾಲದೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದುಂಟು. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ಹೊಂದುವ ಸಂಯೋಜನೆಯ ಆಯ್ಕೆಯನ್ನು ಒತ್ತದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಇವನ್ನು ಗುರುತಿಸಿ ಸರಿಪಡಿಸಬಲ್ಲ ವಿದ್ಯಾರ್ಥಿಗೆ ಅಕ್ಷರವಿನ್ಯಾಸದ ತಳಹದಿ ದಕ್ಕಿದೆ ಎಂದೇ ತಿಳಿಯಬಹುದು.

ಅಕ್ಷರಶೈಲಿಗಳ ಬಡತನವೂ ಈಗ ಮೊದಲಿನಷ್ಟಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಲಾಗಿತ್ತು. ಯೂನಿಕೋಡ್ ಬಳಕೆ ಹೆಚ್ಚಿದಂತೆ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, 2022ರಲ್ಲಿ ಬಂದ ಅನೇಕ್ ಕನ್ನಡ ಮುಂತಾದ ಮುಕ್ತ ಶೈಲಿಗಳು ಉಚಿತವಾಗಿ ದೊರೆಯುತ್ತಿವೆ. ಅನೇಕ್‌ನಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ. ಹೀಗಾಗಿ ಗೆರೆ ಸೇರಿಸಿ ಅಕ್ಷರವನ್ನು ಬಲವಂತವಾಗಿ ದಪ್ಪ ಮಾಡುವ ಅಗತ್ಯವಿಲ್ಲ.

ಈ ಕೌಶಲಕ್ಕೆ ಬೇಡಿಕೆಯೂ ಇದೆ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯು ರಾಜ್ಯದ ಅಂಗಡಿ ಮುಂಗಟ್ಟುಗಳ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು ಹೇಳುತ್ತದೆ. ಅಳತೆಗೆ ತಕ್ಕಷ್ಟು ಕನ್ನಡ ತುಂಬುವುದು ಸುಲಭ. ರಸ್ತೆಯ ಆಚೆ ಬದಿಯಿಂದ ಓದಲಾಗುವಂತೆ ಬರೆಸಲು ಬಲ್ಲವರು ಬೇಕು.

ಪರದೆಯಿಂದ ಕಾಗದಕ್ಕೆ

ಪ್ರಗತಿಯ ಇನ್ನೊಂದು ಅಳತೆ ಮುದ್ರಣ. ಕಂಪ್ಯೂಟರ್ ಪರದೆಯು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಆಫ್‌ಸೆಟ್ ಯಂತ್ರವು ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು ಶಾಯಿಗಳಿಂದ ಬಣ್ಣ ಮೂಡಿಸುತ್ತದೆ. ಪರದೆಯಲ್ಲಿ ಮಿಂಚುವ ಗಿಳಿಹಸಿರು ಕಾಗದದ ಮೇಲೆ ಮಂಕಾಗುವುದು ಇದರಿಂದಲೇ. ಸಣ್ಣ ಅಕ್ಷರಗಳ ಕಪ್ಪನ್ನು ನಾಲ್ಕು ಶಾಯಿಗಳಲ್ಲಿ ಕೊಟ್ಟರೆ, ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚು ಮಸುಕಾಗುತ್ತದೆ. ಕಟಿಂಗ್‌ಗೆಂದು ಅಂಚಿನಾಚೆ 3 ಮಿ.ಮೀ. ಬಿಡದಿದ್ದರೆ ಬಿಳಿಗೆರೆ ಉಳಿಯುತ್ತದೆ.

ಮೊದಲ ವರ್ಷದ ವಿದ್ಯಾರ್ಥಿ ಇವನ್ನು ಮುದ್ರಣಾಲಯದವರ ತಪ್ಪೆಂದು ಭಾವಿಸುತ್ತಾನೆ. ಬಲಿತ ವಿದ್ಯಾರ್ಥಿ ಕಡತ ಕಳುಹಿಸುವ ಮೊದಲೇ ಪ್ರೂಫ್ ತೆಗೆಸಿ ನೋಡುತ್ತಾನೆ. ಪರದೆಗಷ್ಟೇ ಕೆಲಸ ಮಾಡುವವರಿಗೂ ಇಂತಹ ಅಳತೆಗಳಿವೆ. ಅಂತರ್ಜಾಲದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಎ ಮಟ್ಟದ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬಣ್ಣವ್ಯತ್ಯಾಸವಿರಬೇಕು. ಬೂದು ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರ ಚೆನ್ನಾಗಿದೆ ಎನ್ನುವವರು ವಯಸ್ಸಾದ ಓದುಗರನ್ನು ಮರೆತಿರುತ್ತಾರೆ.

ಕಣ್ಣು ಮುಂದೆ, ಕೈ ಹಿಂದೆ

ಕಲಿಕೆಯ ನಡುವೆ ಅನೇಕರಿಗೆ ಒಂದು ಅಧೈರ್ಯ ಕಾಡುತ್ತದೆ. ಮೊದಲ ವರ್ಷ ಎಲ್ಲವೂ ಚೆನ್ನಾಗಿ ಕಂಡಿರುತ್ತದೆ, ಮೂರನೆಯ ವರ್ಷ ತನ್ನದೆಲ್ಲವೂ ಕಳಪೆಯೆನಿಸುತ್ತದೆ. ಇದನ್ನು ಹಿನ್ನಡೆ ಎಂದು ತಿಳಿಯಬೇಕಿಲ್ಲ. ದೋಷ ಕಾಣುವ ಕಣ್ಣು ಅದನ್ನು ತಿದ್ದುವ ಕೈಗಿಂತ ಮೊದಲು ಬೆಳೆಯುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿತು. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದವರೇ ತಮ್ಮ ಸಾಮರ್ಥ್ಯವನ್ನು ಹೆಚ್ಚಾಗಿ ಅಂದಾಜಿಸಿದ್ದರು. ಆ ಫಲಿತಾಂಶವನ್ನು ಹೇಗೆ ಅರ್ಥೈಸಬೇಕೆಂಬ ಬಗ್ಗೆ ಆಮೇಲೆ ವಾದವಿವಾದಗಳು ನಡೆದಿವೆ. ಆದರೆ ತನ್ನ ಅಂದಾಜೊಂದನ್ನೇ ನಂಬಬಾರದೆಂಬ ಎಚ್ಚರಿಕೆ ಉಪಯುಕ್ತ.

ಹಾಗಾದರೆ ನಂಬುವುದು ಯಾವುದನ್ನು? ಕೆಲವು ಸರಳ ಪರೀಕ್ಷೆಗಳಿವೆ. ಕೆಲಸವನ್ನು ಒಂದು ವಾರ ಮುಚ್ಚಿಟ್ಟು ಮತ್ತೆ ನೋಡುವುದು. ಕಣ್ಣು ಕಿರಿದಾಗಿಸಿ ನೋಡಿದಾಗ ಯಾವುದು ಮೊದಲು ಕಾಣುತ್ತದೆಂದು ಗಮನಿಸುವುದು. ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ಪರೀಕ್ಷಿಸುವುದು. ನಿಜವಾದ ಗಾತ್ರದಲ್ಲಿ ಮುದ್ರಿಸಿ, ವಿನ್ಯಾಸದ ಗಂಧವಿಲ್ಲದ ಒಬ್ಬರಿಗೆ ಕೊಟ್ಟು ಗಟ್ಟಿಯಾಗಿ ಓದಿಸುವುದು. ಚೆನ್ನಾಗಿದೆಯೇ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಏನು ಅರ್ಥವಾಯಿತು ಎಂದು ಕೇಳಬೇಕು. ಕೊನೆಯದಾಗಿ, ಮೊದಲ ವರ್ಷದ ಅಭ್ಯಾಸವೊಂದನ್ನು ಇಂದು ಮತ್ತೆ ಮಾಡಿ ಎರಡನ್ನೂ ಪಕ್ಕಪಕ್ಕದಲ್ಲಿಡುವುದು. ನಡುವಿನ ವ್ಯತ್ಯಾಸವೇ ನಿಜವಾದ ಅಂಕಪಟ್ಟಿ.

ಆ ವಿದ್ಯಾರ್ಥಿನಿ ಮಾಡಿದ್ದೂ ಇದನ್ನೇ. ತೂಕಗಳಿರುವ ಅಕ್ಷರಶೈಲಿಯನ್ನು ಆರಿಸಿ, ಸಾಲಿನ ಅಂತರ ಹೆಚ್ಚಿಸಿ, ಚಿತ್ರವನ್ನು ಚಿಕ್ಕದಾಗಿಸಿ ಧನಸಹಾಯದ ಪೋಸ್ಟರನ್ನು ಹೊಸದಾಗಿ ರೂಪಿಸಿದರು. ಅದನ್ನು ಹತ್ತು ಹೆಜ್ಜೆ ದೂರದಲ್ಲಿ ಗೋಡೆಗೆ ಅಂಟಿಸಿ ಹಾಸ್ಟೆಲ್‌ನ ಅಡುಗೆಯವರಿಂದ ಓದಿಸಿದರು. ಅವರು ತಡವರಿಸದೆ ಓದಿದರು. ಪೋರ್ಟ್‌ಫೋಲಿಯೊದಲ್ಲಿ ಈಗ ಎಂಟು ಕೆಲಸಗಳಿವೆ. ಕೊನೆಯ ಎರಡು ಪುಟಗಳಲ್ಲಿ ಹಳೆಯ ಪೋಸ್ಟರ್ ಮತ್ತು ಹೊಸತು ಎದುರುಬದುರಾಗಿವೆ. ಹಳೆಯದನ್ನು ತೆಗೆದುಹಾಕುವಂತೆ ಗೆಳತಿಯರು ಸಲಹೆ ಮಾಡಿದ್ದಾರೆ. ಅವರು ಒಪ್ಪಿಲ್ಲ. ಸಂದರ್ಶನದಲ್ಲಿ ವಿವರಿಸಲು ತನ್ನ ಬಳಿ ಇರುವ ಅತ್ಯಂತ ಗಟ್ಟಿಯಾದ ಕಾರಣಗಳು ಆ ಎರಡು ಪುಟಗಳ ನಡುವೆಯೇ ಇವೆ ಎಂಬುದು ಅವರ ನಂಬಿಕೆ.